ಅತಿಥಿ ಉಪನ್ಯಾಸವೂ ಅತಿಥಿ ಉಪನ್ಯಾಸಕನೂ

ಸಮುದಾಯದ ಆಡಳಿತದಲ್ಲಿರುವ ಕಾಲೇಜುಗಳು ಸಾಮಾಜಿಕ ಹೊಣೆಗಾರಿಕೆ, ಹೋರಾಟ, ಯುವಜನರ ಪಾತ್ರ ಮುಂತಾದ ವಿಷಯಗಳ ಮೇಲೆ ಅತಿಥಿ ಉಪನ್ಯಾಸಮಾಲೆಗಳನ್ನು ಏರ್ಪಡಿಸುತ್ತಿರುವುದು ಸ್ವಾಗತಾರ್ಹ. ಕಿರಾಅತ್, ಸ್ವಾಗತ, ಶಾಲು, ಸ್ಮರಣಿಕೆ, ಭಾಷಣ, ಧನ್ಯವಾದ. ಅನ್ಯಾಯ ಕಂಡಲ್ಲಿ ಮೌನವಾಗಿರಬೇಡಿ ಎಂದು ಅತಿಥಿಗಳು ಕರೆ ಕೊಡುತ್ತಾರೆ, ಸಭಾಂಗಣ ಚಪ್ಪಾಳೆಯಿಂದ ತುಂಬುತ್ತದೆ. ಮರುದಿನ ಅದೇ ಸಭಿಕರಲ್ಲೊಬ್ಬನು ಕಚೇರಿಗೆ ಹೋಗಿ, ರಶೀದಿಯಲ್ಲಿ ನಮೂದಾಗದ ಹಣ ಯಾವ ಬಾಬ್ತಿಗೆ ಸಂದಿತು ಎಂದು ವಿಚಾರಿಸಿದರೆ? ಎಷ್ಟು ಕಾಲೇಜುಗಳಲ್ಲಿ ಅವನಿಗೆ ಉತ್ತರ ಸಿಗುತ್ತದೆ, ಎಷ್ಟರಲ್ಲಿ ಹೆತ್ತವರನ್ನು ಕರೆತರುವಂತೆ ಆಜ್ಞೆಯಾಗುತ್ತದೆ ಎಂಬುದನ್ನು ಓದುಗರೇ ಊಹಿಸಬಲ್ಲರು.

ನಮ್ಮ ತಕರಾರು ಇರುವುದು ಇಲ್ಲಿಯೇ. ಫೆಲೆಸ್ತೀನಿನ ಬಗ್ಗೆ, ಸಂವಿಧಾನದ ಬಗ್ಗೆ, ಪರಿಸರದ ಬಗ್ಗೆ ವಿದ್ಯಾರ್ಥಿಗಳು ಕೇಳಿ ತಿಳಿಯಲೇಬೇಕು. ಆದರೆ ಹೊಣೆಗಾರಿಕೆಯು ಕಾಲೇಜಿನ ಆವರಣ ಗೋಡೆಯ ಆಚೆಗೆ ಮಾತ್ರ ಆರಂಭವಾಗುತ್ತದೆಂದು ಅವರಿಗೆ ಕಲಿಸುತ್ತಿರುವವರು ಯಾರು? ಗಾಂಧಿ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯೂ ಅನೇಕ ಕಡೆ ಪೊರಕೆ ಹಿಡಿದ ಭಾವಚಿತ್ರಕ್ಕೆ ಇಳಿದಿದೆ. (ಕಸ ಗುಡಿಸುವುದು ಪುಣ್ಯದ ಕೆಲಸ, ಸಂಶಯವಿಲ್ಲ. ಅದನ್ನು ದಿನವೂ ಗುಡಿಸುವವರ ವೇತನವೆಷ್ಟೆಂದು ಕೇಳುವುದೂ ಪುಣ್ಯವೇ.)

ಅತಿಥಿ ಉಪನ್ಯಾಸಕ ಎಂಬ ಪದಕ್ಕೆ ನಮ್ಮ ರಾಜ್ಯದಲ್ಲಿ ಇನ್ನೊಂದು ಅರ್ಥವಿದೆ. ಸರಕಾರಿ ಪದವಿ ಕಾಲೇಜುಗಳ ಪಾಠಪ್ರವಚನದ ಬಹುಭಾರವನ್ನು ಹೊತ್ತಿರುವವರು ಅವರೇ. 2022ರ ಜನವರಿಯವರೆಗೆ ಅವರಿಗೆ ಸಿಗುತ್ತಿದ್ದುದು ತಿಂಗಳಿಗೆ 11,000ದಿಂದ 13,000 ರೂಪಾಯಿ. ಮುಷ್ಕರದ ಬಳಿಕ ಅದು ಗರಿಷ್ಠ 32,000ಕ್ಕೆ ಏರಿತು. ಆದರೆ ಒಬ್ಬೊಬ್ಬರ ಬೋಧನಾವಧಿಯನ್ನೂ ಹೆಚ್ಚಿಸಿದ್ದರಿಂದ ಅನೇಕರು ಇದ್ದ ಕೆಲಸವನ್ನೂ ಕಳೆದುಕೊಂಡರು. ಖಾಯಮಾತಿಗಾಗಿ 2023ರ ನವೆಂಬರ್‌ನಲ್ಲಿ ಅವರು ಮತ್ತೆ ತರಗತಿ ಬಹಿಷ್ಕರಿಸಿ ಬೀದಿಗಿಳಿದರು. ಸರಕಾರವನ್ನು ದೂರುವ ಹಕ್ಕು ನಮಗಿದೆ. ಆದರೆ ನಮ್ಮದೇ ಸಂಸ್ಥೆಗಳಲ್ಲಿ ವರ್ಷವರ್ಷವೂ ಗುತ್ತಿಗೆ ನವೀಕರಣಕ್ಕಾಗಿ ಕೈಕಟ್ಟಿ ನಿಲ್ಲುವ ಯುವ ಉಪನ್ಯಾಸಕಿಗೆ ರಜಾಕಾಲದ ವೇತನವುಂಟೆ, ಭವಿಷ್ಯನಿಧಿಯುಂಟೆ ಎಂದು ಕೇಳುವ ಹಕ್ಕು ಯಾರಿಗಿದೆ? ಒಂದು ದಿನದ ಅತಿಥಿಗೆ ಶಾಲು ಹೊದಿಸುವಾಗ ವೇದಿಕೆಯ ಬದಿಯಲ್ಲಿ ಸ್ಮರಣಿಕೆ ಹಿಡಿದು ನಿಂತಿರುವವಳು ಆಕೆಯೇ!

ಪ್ರವಾದಿ ಮುಹಮ್ಮದ್(ಸ)ರ ಯೌವನದ ಒಂದು ಘಟನೆಯನ್ನು ಈ ವೇದಿಕೆಗಳಲ್ಲಿ ಪದೇ ಪದೇ ಉಲ್ಲೇಖಿಸಲಾಗುತ್ತದೆ. ಯಮನಿನ ಝಬೀದ್‌ನಿಂದ ಬಂದ ವ್ಯಾಪಾರಿಯಿಂದ ಸರಕು ಪಡೆದ ಮಕ್ಕಾದ ಪ್ರಮುಖ ಆಸ್ ಬಿನ್ ವಾಇಲ್ ಹಣ ಕೊಡಲು ನಿರಾಕರಿಸಿದ. ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಕೆಲವು ಕುಲಗಳವರು ಸೇರಿ, ಪೀಡಿತನ ಪರ ನಿಲ್ಲುವ ಪ್ರತಿಜ್ಞೆ ಮಾಡಿದರು. ಅದುವೇ ಹಿಲ್ಫುಲ್ ಫುಝೂಲ್. ಪ್ರವಾದಿಯವರು(ಸ) ಅದರಲ್ಲಿ ಪಾಲ್ಗೊಂಡಿದ್ದರು. ಪ್ರವಾದಿತ್ವದ ನಂತರವೂ ಅದನ್ನು ಮೆಚ್ಚಿ ಸ್ಮರಿಸಿದ್ದರು. ನಮ್ಮ ಭಾಷಣಕಾರರು ಸಾಮಾನ್ಯವಾಗಿ ಪ್ರತಿಜ್ಞೆಗೇ ನಿಲ್ಲಿಸುತ್ತಾರೆ. ಅವರು ಅಲ್ಲಿಂದ ಎದ್ದು ನೇರವಾಗಿ ಆಸ್‌ನ ಮನೆಗೆ ಹೋಗಿ ವ್ಯಾಪಾರಿಯ ಸೊತ್ತನ್ನು ಹಿಂದಿರುಗಿಸಿದರಲ್ಲ, ಆ ಭಾಗವನ್ನು ಏಕೆ ಬಿಡಲಾಗುತ್ತದೆ? ಆಸ್ ಪರವೂರಿನವನಲ್ಲ, ಅವರದೇ ಊರಿನ ಗಣ್ಯ. ಸಾಮಾನ್ಯವಾಗಿ ಮುಂದಿನ ಸಾಲಿನಲ್ಲಿ ಕೂರುವಂತಹವನು.

ಹೆತ್ತವರಾದ ನಾವೂ ಇದರಲ್ಲಿ ಪಾಲುದಾರರು. 'ನಿನಗೇಕೆ ಊರ ಉಸಾಬರಿ, ಮಾರ್ಕು ತೆಗೆ' ಎಂದು ಮನೆಯಲ್ಲಿ ಹೇಳಿ, ಕಾಲೇಜಿನ ಹೋರಾಟದ ಉಪನ್ಯಾಸದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕುತ್ತೇವೆ. 2022ರಲ್ಲಿ ಉಡುಪಿಯ ಸರಕಾರಿ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯರು ಹಿಜಾಬ್‌ಗಾಗಿ ತರಗತಿಯ ಹೊರಗೆ ನಿಂತರು, ಹೈಕೋರ್ಟಿನ ಮೆಟ್ಟಿಲೇರಿದರು. ಅಂತಹ ಹೆಣ್ಣುಮಕ್ಕಳ ಧೈರ್ಯವನ್ನು ವೇದಿಕೆಗಳಲ್ಲಿ ಹಾಡಿಹೊಗಳಿದ ಸಮುದಾಯವು, ಅದೇ ಧೈರ್ಯದಿಂದ ಅವರು ನಮ್ಮ ಆಡಳಿತ ಮಂಡಳಿಯ ಮುಂದೆ ನಿಂತರೆ ಏನೆನ್ನುತ್ತದೆ? ಆ ಮಂಡಳಿಗಳಲ್ಲಿ ಮಹಿಳೆಯರೆಷ್ಟು?

ಪ್ರಾಂಶುಪಾಲರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಉಪನ್ಯಾಸಕ್ಕೆ ಹೊರಗಿನ ಅತಿಥಿ ಬೇಡ. ನಿಮ್ಮದೇ ಗುತ್ತಿಗೆ ಉಪನ್ಯಾಸಕರೊಬ್ಬರು ಮಾತನಾಡಲಿ, ಅವರ ಗುತ್ತಿಗೆಗೆ ಧಕ್ಕೆಯಾಗದೆಂಬ ಲಿಖಿತ ಭರವಸೆಯೊಂದಿಗೆ. ಆಡಳಿತ ಮಂಡಳಿಯ ಅಧ್ಯಕ್ಷರು ಉದ್ಘಾಟಿಸಿ ಹೊರಟುಹೋಗದೆ ಕೊನೆಯವರೆಗೂ ಕುಳಿತಿರಲಿ. ಅರ್ಧ ಗಂಟೆ ವಿದ್ಯಾರ್ಥಿಗಳು ಪ್ರಶ್ನಿಸಲಿ. ಪ್ರಶ್ನೆಗಳನ್ನು ಮುಂಚಿತವಾಗಿ ಬರೆದು ಕಚೇರಿಗೆ ಒಪ್ಪಿಸಬೇಕೆಂಬ ಷರತ್ತು ಮಾತ್ರ ವಿಧಿಸಬೇಡಿ.