ಐದು ವರ್ಷದ ವಿಮೆ ಅಂದರೆ ಯಾರದು?



ಹೊಸ ಗಾಡಿ ಬಂದರೆ ನಮ್ಮ ಕುರುಗೋಡಿನಲ್ಲಿ ಮೊದಲು ದೊಡ್ಡಬಸವೇಶ್ವರನ ಗುಡಿಗೆ ಒಯ್ದು ಕಾಯಿ ಒಡೆಸುತ್ತೇವೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಶೋರೂಮಿನವರು ಕೊಟ್ಟ ಕಾಗದದ ಚೀಲವನ್ನು ಮಾತ್ರ ಯಾರೂ ಬಿಚ್ಚುವುದಿಲ್ಲ; ಅದು ನೇರವಾಗಿ ಬೀರುವಿಗೆ.

ನಮ್ಮ ಓಣಿಯ ಒಬ್ಬಾಕೆಯ ಮನೆಯಲ್ಲೂ ಹಾಗೇ ಆಯಿತು. ಮಗಳ ಕಾಲೇಜಿಗೆಂದು ಸ್ಕೂಟರ್ ಕೊಂಡು ಒಂದೂವರೆ ವರ್ಷವಾಗಿತ್ತು. ಬಳ್ಳಾರಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು ಹುಡುಗಿ ಬಿದ್ದಳು. ಪುಣ್ಯಕ್ಕೆ ಮೊಣಕಾಲು ತರಚಿತು ಅಷ್ಟೇ. ಗಾಡಿಯ ಮುಂಭಾಗ ನುಜ್ಜುಗುಜ್ಜು. "ಚಿಂತಿ ಇಲ್ಲ ಬಿಡ್ರಿ ಅಕ್ಕಾ, ಐದು ವರ್ಷದ್ದು ಇನ್ಶೂರೆನ್ಸ್ ಐತಿ, ವಾರಂಟಿನೂ ಐತಿ" ಅಂದಳು. ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದಳು. ಎರಡರಿಂದಲೂ ಒಂದು ರೂಪಾಯಿ ಬರುವುದಿಲ್ಲವಂತೆ. ಚೀಟಿ ಎತ್ತಿದ ಹಣದಲ್ಲಿ ಹನ್ನೊಂದು ಸಾವಿರ ಹೋಯಿತು.

ವಾರಂಟಿಯ ಮಾತು ಸುಲಭ. ಗಾಡಿ ತಯಾರಿಸುವಾಗಲೇ ಭಾಗದಲ್ಲಿ ದೋಷವಿದ್ದರೆ ಕಂಪನಿ ಸರಿಮಾಡಿಕೊಡುತ್ತದೆ, ಅಷ್ಟೇ. ಬಿದ್ದು ಒಡೆದದ್ದು, ಸವೆದ ಬ್ರೇಕು ಅದರಲ್ಲಿ ಬರುವುದಿಲ್ಲ. ವರ್ಷವೋ ಕಿಲೋಮೀಟರೋ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಹೇಳಿದ ಹೊತ್ತಿಗೆ ಸರ್ವೀಸ್ ಮಾಡಿಸದಿದ್ದರೆ ನಡುವೆಯೇ ತಕರಾರು ಬರಬಹುದು, ಬಿಲ್ಲುಗಳನ್ನು ಎಸೆಯಬೇಡಿ.

ವಿಮೆಯದೇ ದೊಡ್ಡ ಕಥೆ. ಅದರಲ್ಲಿ ಎರಡು ಭಾಗ. ಒಂದು 'ಥರ್ಡ್ ಪಾರ್ಟಿ', ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ಇದಿಲ್ಲದ ಗಾಡಿ ಯಾರಿಗಾದರೂ ಬಡಿದು ಜೀವ ಹೋದರೆ ಕೋರ್ಟು ಹೇಳಿದ ಪರಿಹಾರವನ್ನು ಮನೆಯವರೇ ಕಟ್ಟಬೇಕು. ಹೊಲ ಮಾರುವ ಹೊತ್ತು ಬರಬಹುದು. ಇನ್ನೊಂದು 'ಓನ್ ಡ್ಯಾಮೇಜ್', ನಮ್ಮ ಗಾಡಿಗೇ ಆದ ನಷ್ಟಕ್ಕೆ, ಕಳವಿಗೆ. ಇದು ಕಡ್ಡಾಯವಲ್ಲ.

ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ, ದ್ವಿಚಕ್ರಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಕೊಳ್ಳುವಾಗಲೇ ಮಾಡಿಸಬೇಕು. ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷದ್ದು. ನಮ್ಮಾಕೆ ಎಡವಿದ್ದು ಇಲ್ಲೇ. ಐದು ವರ್ಷದ್ದು ಊರವರಿಗೆ. ತನ್ನ ಗಾಡಿಯದು ಆರು ತಿಂಗಳ ಹಿಂದೆಯೇ ಮುಗಿದಿತ್ತು. ಪಾಲಿಸಿಯಲ್ಲಿ ಎರಡು ತಾರೀಖು ಬೇರೆ ಬೇರೆಯಾಗಿ ಅಚ್ಚಾಗಿದ್ದವು. ಓದಿದವರು ಯಾರು? ಪದವೀಧರರಾದ ಆಕೆಯ ಯಜಮಾನರೂ ಓದಿರಲಿಲ್ಲ ಅನ್ನಿ!

ಆದ್ದರಿಂದ ಇವತ್ತು ಒಗ್ಗರಣೆ ಇಳಿಸಿದ ಮೇಲೆ ಆ ಚೀಲ ತೆಗೆಯಿರಿ. ಎರಡೂ ತಾರೀಖು ನೋಡಿ. ಓನ್ ಡ್ಯಾಮೇಜ್ ಮುಗಿದು 90 ದಿನ ದಾಟಿದರೆ 'ನೋ ಕ್ಲೇಮ್ ಬೋನಸ್' ಕೈತಪ್ಪುತ್ತದೆ. ಪರಿಹಾರ ಕೇಳದೆ ಕಳೆದ ಮೊದಲ ವರ್ಷಕ್ಕೆ ಈ ರಿಯಾಯಿತಿ ಶೇಕಡಾ 20, ಸತತ ಐದು ವರ್ಷವಾದರೆ 50; ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಕಡಿತ. ಹೀಗಾಗಿ ಕನ್ನಡಿ ಒಡೆದ ಐನೂರು ರೂಪಾಯಿಗೆಲ್ಲ ಕ್ಲೇಮ್ ಮಾಡುವುದು ಜಾಣತನವಲ್ಲ ಅಂತ ನನ್ನ ಅಭಿಪ್ರಾಯ. ದೊಡ್ಡ ಕ್ಲೇಮಿನಲ್ಲೂ ಪೂರ್ತಿ ಬಿಲ್ಲು ಬರುತ್ತದೆಂದು ತಿಳಿಯಬೇಡಿ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಬೆಲೆ ಕಳೆಯುತ್ತಾರೆ. ಸ್ಕೂಟರಿನ ಮೈಯೆಲ್ಲ ಪ್ಲಾಸ್ಟಿಕ್ಕೇ ಅಲ್ಲವೇ?

ಲೈಸೆನ್ಸ್ ಇಲ್ಲದ ಮಗನ ಕೈಗೆ ಕೀಲಿ ಕೊಟ್ಟರೆ, ಜಾತ್ರೆಗೆಂದು ಸ್ವಂತ ಕಾರನ್ನು ಬಾಡಿಗೆಗೆ ಓಡಿಸಿದರೆ, ಓನ್ ಡ್ಯಾಮೇಜ್ ಹಣ ಮರೆತುಬಿಡಿ. ಹಳೆಯ ಗಾಡಿ ಕೊಂಡವರು ಆರ್‌ಸಿ ಜೊತೆಗೆ ವಿಮೆಯನ್ನೂ 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು.

ಎಲ್ಲ ಸರಿಯಿದ್ದೂ ವಿಮಾ ಕಂಪನಿ ಹಣ ಕೊಡದಿದ್ದರೆ? ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳು ಕಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಅರ್ಜಿಯ ಜೊತೆ ಪಾಲಿಸಿಯ ನಕಲು, ಕಂಪನಿಗೆ ಬರೆದ ಪತ್ರದ ನಕಲು ಇಡಲು ಮರೆಯಬೇಡಿ.