ಒಂದೇ ಕಥೆಯಲ್ಲಿ ನಿಂತರೆ ಹೇಗೆ?

ಈಗಿನ ಸ್ವತಂತ್ರ ಸಿನಿಮಾ ನಿರ್ದೇಶಕರಿಗೆ ದೊಡ್ಡ ಕನಸಿಲ್ಲ, ಒಂದು ಚಿತ್ರದಿಂದ ಇನ್ನೊಂದಕ್ಕೆ ಬೆಳೆಯುವುದಿಲ್ಲ ಎಂಬ ಮಾತಿದೆ. ಎಲ್ಲರಿಗೂ ಅದು ಸಲ್ಲದು. 2021ರಲ್ಲಿ ‘ಪೆದ್ರೊ’ ಮಾಡಿದ ನಟೇಶ್ ಹೆಗಡೆ 2025ರಲ್ಲಿ ಎರಡನೇ ಚಿತ್ರದೊಂದಿಗೆ ಬರ್ಲಿನ್ ಚಿತ್ರೋತ್ಸವ ತಲುಪಿದರು. ಮೊದಲನೆಯದು ಊರು ದೂರವಿಟ್ಟ ಒಬ್ಬನ ಕಥೆ. ಎರಡನೆಯದು ಊರನ್ನು ಆಳುವವರದ್ದು.

ಆದರೆ ನಮ್ಮ ಮನೆಗಳ ವಿಷಯಕ್ಕೆ ಬಂದಾಗ ಆ ದೂರು ಪೂರ್ತಿ ಸುಳ್ಳಲ್ಲ. ಸುವೀರನ್ ಅವರ ‘ಬ್ಯಾರಿ’ ಚಿತ್ರ 2011ರ ಸಾಲಿನ ಸ್ವರ್ಣಕಮಲ ಹಂಚಿಕೊಂಡಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದು ತಲಾಕ್‌ನ ಕಥೆ. ಆ ನೋವು ಸುಳ್ಳು ಅಂತ ನಾವು ಹೇಳುವುದಿಲ್ಲ. ಜಮಾಅತ್‌ಗೆ ಬರುವ ಪಂಚಾಯಿತಿಗಳನ್ನು ನೋಡಿದವರಿಗೆ ಗೊತ್ತು. ಆದರೆ ನಮ್ಮ ಬದುಕು ಅಷ್ಟೇನಾ?

ಗಿರೀಶ್ ಕಾಸರವಳ್ಳಿಯವರನ್ನು ನೋಡಿ. 2004ರ ‘ಹಸೀನಾ’ದಲ್ಲಿ ಗಂಡ ಬಿಟ್ಟ ಹೆಣ್ಣು. 2008ರ ‘ಗುಲಾಬಿ ಟಾಕೀಸ್’ನಲ್ಲೂ ಗಂಡ ಬಿಟ್ಟವಳೇ, ಕುಂದಾಪುರ ಕಡೆಯ ಸೂಲಗಿತ್ತಿ. ಆದರೆ ಅವಳ ಮನೆಗೆ ಟಿವಿ ಬರುತ್ತದೆ, ನೆರೆಯ ಹೆಂಗಸರು ಸೇರುತ್ತಾರೆ, ಮೀನುಗಾರಿಕೆಯ ಪೈಪೋಟಿ, ಊರಿನ ಅಪನಂಬಿಕೆ ಎಲ್ಲ ಒಳಗೆ ಬರುತ್ತವೆ. ಬೆಳೆಯುವುದು ಅಂದರೆ ಇದು, ಬಜೆಟ್ ದೊಡ್ಡದಾಗುವುದಲ್ಲ.

ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಉಮ್ಮಂದಿರು, ಗಲ್ಫ್‌ನಿಂದ ಬರಿಗೈಲಿ ಮರಳಿದವರು, ಬಂದರಿನ ಧಕ್ಕೆಯಲ್ಲಿ ಬೆಳಗಾಗುವ ಮೊದಲೇ ದುಡಿಯುವವರು ಇನ್ನೂ ತೆರೆಗೆ ಸರಿಯಾಗಿ ಬಂದಿಲ್ಲ. ಹೊರಗಿನವರನ್ನು ದೂರುವುದು ಸುಲಭ. ಕ್ಯಾಮೆರಾ ಹಿಡಿದ ನಮ್ಮ ಹುಡುಗ ಮನೆ ಬಾಗಿಲಿಗೆ ಬಂದರೆ, ನಾವು ಮಾತಾಡುತ್ತೇವಾ?