ವಿನಯಕ್ಕೊಂದು ಒರೆಗಲ್ಲು

ಪೋಪ್ ಫ್ರಾನ್ಸಿಸ್ 2013ರ ಮಾರ್ಚ್‌ನಲ್ಲಿ ಪಟ್ಟಕ್ಕೇರಿದ ಕೆಲವೇ ದಿನಗಳಲ್ಲಿ ರೋಮ್‌ನ ಬಾಲಾಪರಾಧಿಗಳ ಬಂದೀಖಾನೆಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅರಮನೆ ಒಲ್ಲೆನೆಂದು ಸಾಂತಾ ಮಾರ್ತಾ ಅತಿಥಿಗೃಹದಲ್ಲೇ ಉಳಿದರು. ಜಗತ್ತು ಮೆಚ್ಚಿತು, ಮೆಚ್ಚತಕ್ಕದ್ದೇ. ಆದರೆ ಬಗ್ಗಿ ಪಾದ ತೊಳೆಯುವವನಿಗೆ ತಾನು ದೊಡ್ಡವನೆಂಬುದು ನೆನಪಿದ್ದೇ ಇರುತ್ತದೆ. ತಾನು ತಪ್ಪಿದೆ ಎನ್ನುವಾಗ ಆ ಆಸರೆಯೂ ಇಲ್ಲ. ಕ್ರೈಸ್ತ ಸಭೆಯ ನಾಯಕರ ವಿನಯವನ್ನು ಉಜ್ಜಿ ನೋಡಬೇಕಾದದ್ದು ಅಲ್ಲಿ.

ಫ್ರಾನ್ಸಿಸರಿಗೆ ಆ ಪರೀಕ್ಷೆ ಎದುರಾದದ್ದು ಚಿಲಿಯಲ್ಲಿ. ಅಲ್ಲಿನ ಪಾದ್ರಿ ಫರ್ನಾಂಡೊ ಕರಾಡಿಮಾ ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದು ನಿಜವೆಂದು ವ್ಯಾಟಿಕನ್ 2011ರಲ್ಲೇ ತೀರ್ಮಾನಿಸಿತ್ತು. ಅವನ ಶಿಷ್ಯ ಹುವಾನ್ ಬಾರೋಸ್ ಎಲ್ಲ ಕಂಡೂ ಸುಮ್ಮನಿದ್ದರೆಂಬುದು ಸಂತ್ರಸ್ತರ ದೂರು. ಬಾರೋಸ್ ಅದನ್ನು ಒಪ್ಪಲಿಲ್ಲ. 2015ರಲ್ಲಿ ಫ್ರಾನ್ಸಿಸ್ ಈ ಬಾರೋಸರನ್ನು ಚಿಲಿಯ ಒಸೋರ್ನೊದ ಬಿಷಪ್ ಆಗಿ ನೇಮಿಸಿದಾಗ ಪದಗ್ರಹಣದ ದಿನವೇ ಜನ ಕಪ್ಪು ಬಟ್ಟೆ ತೊಟ್ಟು ಪ್ರತಿಭಟಿಸಿದರು. 2018ರ ಜನವರಿಯಲ್ಲಿ ಚಿಲಿಗೆ ಬಂದ ಪೋಪ್, ಪುರಾವೆಯಿಲ್ಲದ ಈ ಮಾತೆಲ್ಲ ಅಪನಿಂದೆ ಎಂದುಬಿಟ್ಟರು. ಆ ಮಾತು ಸಂತ್ರಸ್ತರಿಗೆ ಭಾರೀ ನೋವು ತಂದಿದೆ ಎಂದು ಬಾಸ್ಟನ್‌ನ ಕಾರ್ಡಿನಲ್ ಷಾನ್ ಓಮ್ಯಾಲಿ ಬಹಿರಂಗವಾಗಿಯೇ ಹೇಳಿದರು. ಆಮೇಲೆ ಪೋಪ್ ಕಳಿಸಿದ ಮಾಲ್ಟಾದ ಆರ್ಚ್‌ಬಿಷಪ್ ಚಾರ್ಲ್ಸ್ ಶಿಕ್ಲೂನಾ 64 ಮಂದಿಯ ಹೇಳಿಕೆ ಪಡೆದು ಸುಮಾರು 2,300 ಪುಟಗಳ ವರದಿ ಕೊಟ್ಟರು. ಏಪ್ರಿಲ್‌ನಲ್ಲಿ ಪೋಪ್ ಚಿಲಿಯ ಬಿಷಪರಿಗೆ ಪತ್ರ ಬರೆದು, ತಾವು ಗಂಭೀರ ತಪ್ಪು ಮಾಡಿದ್ದಾಗಿ ಒಪ್ಪಿ ಕ್ಷಮೆ ಕೇಳಿದರು. ತಾವು ಅಪನಿಂದಕರೆಂದವರಲ್ಲಿ ಮೂವರನ್ನು ಕರೆಸಿ, ಅದೇ ಸಾಂತಾ ಮಾರ್ತಾದಲ್ಲಿ ಇರಿಸಿಕೊಂಡು ಮಾತಿಗೆ ಕಿವಿಗೊಟ್ಟರು. ಜೂನ್‌ನಲ್ಲಿ ಬಾರೋಸ್ ರಾಜೀನಾಮೆ ಅಂಗೀಕಾರವಾಯಿತು.

ಗುರುಪೀಠದಲ್ಲಿ ಕೂತವರೇ ಹೀಗೆ ತಪ್ಪೊಪ್ಪಿದರೆ ವಿಶ್ವಾಸಿಗಳ ನಂಬಿಕೆ ಅಲುಗದೇ ಎಂದು ಕೇಳುವವರಿದ್ದಾರೆ. ಒಸೋರ್ನೊದಲ್ಲಿ ನಂಬಿಕೆ ಅಲುಗಿದ್ದು ಯಾವಾಗ? ಕ್ಷಮಾಪತ್ರಕ್ಕೆ ಮೂರು ವರ್ಷ ಮೊದಲು, ಜನರ ದೂರನ್ನು ಮೇಲಿನವರು ಕೇಳದೆ ಹೋದಾಗ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಚರ್ಚಿನಲ್ಲಿ ವಿನಯದ ಉಪದೇಶ ಸದಾ ಕೆಳಮುಖವಾಗಿಯೇ ಹರಿದಿದೆ, ದೂರು ಕೊಡಲು ಬಂದವರಿಗೇ ತಾಳ್ಮೆ, ವಿಧೇಯತೆ, ಕ್ಷಮೆಯ ಪಾಠ ಸಿಕ್ಕಿದೆ. ಇದು ನಿಜ. ಅದಕ್ಕೇ ಈ ಗುಣವನ್ನು ಮೊದಲು ಬಿಷಪರಿಂದ ಕೇಳಬೇಕು. ಅಧಿಕಾರವಿಲ್ಲದವನ ವಿನಯ ಬಹುಪಾಲು ಬರೀ ನಿರುಪಾಯ.

ಫ್ರಾನ್ಸಿಸರ ಪತ್ರಕ್ಕೂ ಪೂರ್ಣಾಂಕ ಕೊಡಲಾರೆ. ಸತ್ಯವಾದ, ಸಮತೋಲನದ ಮಾಹಿತಿ ಸಿಗದ್ದರಿಂದ ತಪ್ಪಾಯಿತು ಎಂಬ ಮಾತು ಅದರಲ್ಲಿದೆ. ಆದರೆ ಸಂತ್ರಸ್ತನೊಬ್ಬನ ಪತ್ರ 2015ರಲ್ಲೇ ಅವರ ಕೈಸೇರಿತ್ತೆಂದು ವರದಿಯಾಗಿತ್ತು. ಒಳ್ಳೆಯ ಮನುಷ್ಯನ ವಿನಯವೂ ಇಷ್ಟು ತಡವಾಗಿ ಬರುವುದಾದರೆ, ಅದನ್ನು ಸ್ವಭಾವಕ್ಕೇ ಬಿಟ್ಟುಕೊಟ್ಟು ಕೂರುವಂತಿಲ್ಲ. ಬಿಷಪರ ವಿರುದ್ಧದ ದೂರನ್ನು ತನಿಖೆ ಮಾಡುವ ನಿಯಮಗಳನ್ನು 2019ರ ಮೇ ತಿಂಗಳಲ್ಲಿ ಫ್ರಾನ್ಸಿಸರೇ ಹೊರಡಿಸಿದರು. ಆದರೂ ಆ ತನಿಖೆ ಸಾಮಾನ್ಯವಾಗಿ ಒಪ್ಪಿಸಲ್ಪಡುವುದು ಆ ಪ್ರಾಂತ್ಯದ ಆರ್ಚ್‌ಬಿಷಪರಿಗೆ. ಅವರು ಬೇಕೆಂದರೆ ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿನ ತಜ್ಞರ ನೆರವು ಪಡೆಯಬಹುದು. ಆ ‘ಬೇಕೆಂದರೆ’ ಇನ್ನೂ ಹಾಗೇ ಉಳಿದಿದೆ.